ಅತ್ತೆಯ ಹಾಡನ್ನು ಇಳಿಸಿಕೊಂಡದ್ದು

ಹೋದ ಭಾನುವಾರ ತವರುಮನೆಗೆ ಹೋದವಳು ತಾರಸಿ ಹತ್ತಿದೆ. ಅಲ್ಲಿ ನೀರಿನ ಟ್ಯಾಂಕಿನಿಂದ ಎದುರುಗೋಡೆಯ ಕಂಬಿಯವರೆಗೆ ನೀಲಿ ಬಣ್ಣದ ಇಂಟರ್ನೆಟ್ ಕೇಬಲ್ಲೊಂದನ್ನು ಬಿಗಿದು ಕಟ್ಟಿದ್ದಾರೆ. ಅದರ ಮೇಲೆ ತಮ್ಮನ ಪಂಚೆ, ಅತ್ತೆಯ ಸೀರೆ, ದಿಂಬಿನ ಚೀಲಗಳು ಒಣಗುತ್ತಿದ್ದವು. ಒಳ್ಳೆಯ ಕೇಬಲ್ಲು ಅದು. ಈಗಲೂ ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಕೆಲಸ ಮಾಡುತ್ತದೆಂದು ಬೇಕಾದರೆ ಬರೆದುಕೊಡುತ್ತೇನೆ. ಬಟ್ಟೆ ಹೊರುವ ಗತಿ ಅದಕ್ಕೆ ಬಂದದ್ದು ತಾನು ಮಾಡದ ತಪ್ಪಿಗೆ. ಶಿಕ್ಷೆ ವಿಧಿಸಿದವಳು ನಾನು.

ಸಂಪರ್ಕ ಕಡಿದುಹೋದಾಗ ಮೊದಲ ಏಟು ಬೀಳುವುದು ಕೇಬಲ್ಲಿಗೇ. ಇಡೀ ವ್ಯವಹಾರದಲ್ಲಿ ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು ಅದೊಂದೇ ನೋಡಿ. ಹಾಗೆಂದು ನನಗೆ ತಿಳಿಯದ್ದೇನಲ್ಲ. ಕಡಿದದ್ದು ಎಲ್ಲಿ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಒಂದು ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಗುಲಾಬಿ ಹೂವು, ದ್ರಾಕ್ಷಿ, ಔಷಧಿಯ ಪೆಟ್ಟಿಗೆ, ಒಮ್ಮೊಮ್ಮೆ ಬಾಲ ಅಲ್ಲಾಡಿಸುತ್ತ ಬೋನಿನಲ್ಲಿ ಕೂತ ನಾಯಿ, ಯಾವುದು ವಿಮಾನ ಹತ್ತಬೇಕಾದರೂ ಕಾಗದಪತ್ರ ಬೇಕು. ಆ ಕಾಗದಪತ್ರಗಳು ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗಬೇಕು. ಹೋಗದಿದ್ದಾಗ ನನ್ನನ್ನು ಕೂಗುತ್ತಾರೆ. ವಿಮಾನ ನಿಲ್ದಾಣ ಶುರುವಾದ ಹೊಸದರಲ್ಲೇ ಸೇರಿದವಳು ನಾನು. ಇಷ್ಟು ವರ್ಷ ಇದನ್ನೇ ಮಾಡಿ ಮಾಡಿ ಸ್ವಲ್ಪ ಜಂಬ ಬಂದಿದೆ. ಜಂಬಕ್ಕೆ ಆಧಾರವೂ ಇದೆ ಎಂದು ನನ್ನ ನಂಬಿಕೆ. ಆದರೆ ಈಗ ಹೇಳಹೊರಟದ್ದು ಕಂಪನಿಯ ಮಾತಲ್ಲ, ನಮ್ಮ ಮುನಿಯಮ್ಮತ್ತೆಯ ಮಾತು.

ಮುನಿಯಮ್ಮತ್ತೆ ನನ್ನಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅನುಗೊಂಡನಹಳ್ಳಿ ಕಡೆಯ ನಮ್ಮೂರಿಗೆ ವಾಪಸು ಬಂದವಳು ಮತ್ತೆಲ್ಲಿಗೂ ಹೋಗಲಿಲ್ಲ. ಅಮ್ಮ ಅಪ್ಪನ ಜೊತೆ ಹೊಲ ತೋಟ ನೋಡಿಕೊಂಡಳು, ಅತ್ತೆ ನಮ್ಮನ್ನು ನೋಡಿಕೊಂಡಳು. ನಮ್ಮನ್ನು ಅಂದರೆ ನನ್ನನ್ನು, ತಮ್ಮ ಮುನಿರಾಜುವನ್ನು, ನಾವಿಬ್ಬರೂ ಬೆಳೆದಮೇಲೆ ಎಲ್ಲರಿಗೂ ಆಶ್ಚರ್ಯವಾಗುವಂತೆ ಹುಟ್ಟಿದ ತಂಗಿ ಶೋಭಾಳನ್ನು. ಅತ್ತೆಗೆ ದೊಡ್ಡ ಗಂಟಲು. ತೋಟದಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯಲು ಯಾರನ್ನೂ ಓಡಿಸಬೇಕಾಗಿರಲಿಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಅಪ್ಪನೂ ಬರುತ್ತಿದ್ದ, ಅಕ್ಕಪಕ್ಕದ ತೋಟದವರೂ ಊಟದ ಹೊತ್ತಾಯಿತೆಂದು ಗುದ್ದಲಿ ಕೆಳಗಿಡುತ್ತಿದ್ದರು.

ಮನೆಗೆ ಟಿವಿ ಬಂದ ಕಾಲ ನೆನಪಾಗುತ್ತದೆ. ಮುನಿರಾಜು ಮೇಲೆ ಆಂಟೆನಾ ತಿರುಗಿಸುತ್ತಿದ್ದ, ನಾನು ಒಳಗೆ ಪರದೆಯ ಮುಂದೆ. ನನ್ನ ಕೀಚಲು ದನಿ ಅವನನ್ನು ಮುಟ್ಟುತ್ತಿರಲಿಲ್ಲ. ನಡುವೆ ಅಂಗಳದಲ್ಲಿ ರಾಗಿ ಕೇರುತ್ತ ಕೂತ ಅತ್ತೆ ನನ್ನ ವರದಿಯನ್ನು ಮೇಲಕ್ಕೆ ರವಾನಿಸುತ್ತಿದ್ದಳು. “ಬಂತಂತೆ! ಹೋಯ್ತಂತೆ! ಮುಖ ಬಂತಂತೆ, ಮಾತು ಬರ್ಲಿಲ್ವಂತೆ, ಇನ್ನೊಂಚೂರು ತಿರುಗ್ಸೋ!” ಹಿಂದಿನ ಬೀದಿಯ ಮನೆಯವರು ಅತ್ತೆಯ ಮಾತು ಕೇಳಿಕೊಂಡು ತಮ್ಮ ಆಂಟೆನಾವನ್ನು ಬೇರೆ ಕಡೆಗೆ ತಿರುಗಿಸಿಕೊಂಡು ಜಗಳಕ್ಕೆ ಬಂದದ್ದೂ ಉಂಟು.

ಅದೇ ಗಂಟಲು ಮದುವೆಮನೆಯಲ್ಲಿ ಬೇರೆಯಾಗಿಬಿಡುತ್ತಿತ್ತು. ಅರಿಸಿನ ಕುಟ್ಟುವಾಗ, ಚಪ್ಪರದಡಿ ಹಸೆ ಬರೆಯುವಾಗ, ಬೀಗರನ್ನು ಗೇಲಿ ಮಾಡುವಾಗ, ಕೊನೆಗೆ ಹೆಣ್ಣನ್ನು ಒಪ್ಪಿಸುವಾಗ ಸೋಬಾನೆ ಪದ ಎತ್ತಿಕೊಡುವವಳು ಅತ್ತೆಯೇ. ಉಳಿದ ಹೆಂಗಸರು ಅವಳ ಹಿಂದೆ ಹೋಗುತ್ತಿದ್ದರು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. ಹಾಡು ನನ್ನ ಕಿವಿಗಿಂತ ಮೊದಲು ಕೆನ್ನೆಗೆ ತಿಳಿಯುತ್ತಿತ್ತು. ಇಷ್ಟಾಗಿಯೂ ಒಂದು ಪದವನ್ನೂ ಕಲಿಯಲಿಲ್ಲ. ಕಲಿಯಬೇಕೆಂದು ಅನ್ನಿಸಲೂ ಇಲ್ಲ. ಅತ್ತೆ ಇದ್ದಳಲ್ಲ.

ಆಮೇಲೆ ಅತ್ತೆಯ ಗಂಟಲಲ್ಲಿ ಗಡ್ಡೆಯೊಂದು ಬೆಳೆಯಿತು. ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಹೋಯಿತು. ಹಾಗಾಗಬಹುದೆಂದು ವೈದ್ಯರು ಮೊದಲೇ ಹೇಳಿದ್ದರು, ಅತ್ತೆ ತಲೆಯಾಡಿಸಿ ಒಪ್ಪಿದ್ದಳು. ಉಳಿದದ್ದು ಪಿಸುಮಾತು, ಬಾಯಿಯ ಹತ್ತಿರ ಕಿವಿ ತಂದರೆ ಮಾತ್ರ ಸಿಗುವಂಥದ್ದು. ಅತ್ತೆ ಅದರ ಬಗ್ಗೆ ಒಂದು ದಿನವೂ ಗೊಣಗಲಿಲ್ಲ. ಸ್ಟೀಲಿನ ತಟ್ಟೆಗೆ ಸೌಟಿನಿಂದ ಬಡಿದು ಊಟಕ್ಕೆ ಕರೆಯುವುದನ್ನು ಅಭ್ಯಾಸ ಮಾಡಿಕೊಂಡಳು. ಬಡಿತದ ರೀತಿಯಲ್ಲೇ ಸಿಟ್ಟೋ ಸಮಾಧಾನವೋ ನಮಗೆ ಗೊತ್ತಾಗುತ್ತಿತ್ತು.

ಹೀಗಿರುವಾಗ ಶೋಭಾಳ ಮದುವೆ ಗೊತ್ತಾಯಿತು. ನಾನು ರಜೆ ಹಾಕಿ ಲ್ಯಾಪ್‌ಟಾಪನ್ನೂ ಹೊತ್ತುಕೊಂಡು ತವರಿಗೆ ಬಂದೆ. ಒಂದು ಬೆಳಿಗ್ಗೆ ಎಲ್ಲರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಶೋಭಾ ಇದ್ದಕ್ಕಿದ್ದಂತೆ ಹೇಳಿದಳು. “ಅತ್ತೆ ಪದ ಇಲ್ದೆ ನಾನು ಹಸೆಮಣೆ ಮೇಲೆ ಕೂರಲ್ಲ.”

“ಆರ್ಕೆಸ್ಟ್ರಾದವ್ರಿಗೆ ಹೇಳಿದೀನಲ್ಲಮ್ಮ,” ಅಂದ ಮುನಿರಾಜು.

“ಆರ್ಕೆಸ್ಟ್ರಾದವ್ರು ನನ್ನ ಎತ್ತಿ ಆಡ್ಸಿದ್ರಾ?”

ಅತ್ತೆ ಬೇಡ ಬೇಡವೆಂದು ಕೈಯಾಡಿಸಿದಳು. ಆಮೇಲೆ ಏನೋ ತರುವವಳಂತೆ ಎದ್ದು ಹಿತ್ತಲಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ವಾಪಸು ಬಂದಳು.

ನನಗೆ ಆಗ ಹೊಳೆಯಿತು. ಎಷ್ಟೋ ವರ್ಷದ ಹಿಂದೆ ನಗರದ ಒಂದು ಕಾಲೇಜಿನಿಂದ ಜನಪದ ಓದುವ ಹುಡುಗರು ಕ್ಯಾಮೆರಾ ತಂದು, ಒಂದು ಇಡೀ ಮಧ್ಯಾಹ್ನ ಅತ್ತೆಯಿಂದ ಪದ ಹಾಡಿಸಿಕೊಂಡು ಹೋಗಿದ್ದರು. “ಅದನ್ನ ನಾನು ತರಿಸ್ಕೊಡ್ತೀನಿ. ಅದೇನ್ ಮಹಾ!” ಎಂದುಬಿಟ್ಟೆ. ಶೋಭಾ ನನ್ನನ್ನು ಅಪ್ಪಿಕೊಂಡಳು. ಕೊಟ್ಟ ಮಾತು ಅಲ್ಲಿಗೆ ಗಟ್ಟಿಯಾಯಿತು.

ಕಾಲೇಜಿಗೆ ಫೋನು ಮಾಡಿದರೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಾಟಿಸಿ, ಕೊನೆಗೆ ಸರ್ವರ್ ನೋಡಿಕೊಳ್ಳುವ ಪ್ರಭಾಕರ ಎನ್ನುವವರ ಕೈಗೆ ಕೊಟ್ಟರು. ಒಳ್ಳೆಯ ಮನುಷ್ಯ. ಹುಡುಕಿ ಹೇಳಿದರು. “ಇದೆ ಮೇಡಂ, ಒಂದೇ ದೊಡ್ಡ ವಿಡಿಯೊ. ಆದ್ರೆ ಶನಿವಾರ ಸಂಜೆ ಈ ಹಳೇ ಸರ್ವರ್ ಮುಚ್ತಾ ಇದೀವಿ. ಯಾವುದು ಹೊಸದಕ್ಕೆ ಹೋಗುತ್ತೆ, ಯಾವುದು ಹೋಗಲ್ಲ, ನಂಗೇ ಗೊತ್ತಿಲ್ಲ. ಅಷ್ಟರೊಳಗೆ ಇಳಿಸ್ಕೊಂಡ್ಬಿಡಿ.”

“ಪೆನ್‌ಡ್ರೈವ್ ತರ್ತೀನಿ, ಹಾಕ್ಕೊಡಿ.”

“ಹೊರಗಿನ ಡ್ರೈವ್ ಸಿಕ್ಕಿಸೋ ಹಂಗಿಲ್ಲ ಮೇಡಂ. ಪಾಸ್‌ವರ್ಡ್ ಕೊಡ್ತೀನಿ, ಸೆಕ್ಯೂರ್ ದಾರೀಲೇ ತಗೋಬೇಕು.”

ದಾರಿಯಲ್ಲಿ ಯಾರೂ ಇಣುಕದಂತೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಫೈಲು ಬರುವ ವ್ಯವಸ್ಥೆ ಇದು ಎಂದು ಮನೆಯವರಿಗೆ ವಿವರಿಸಿದೆ. ಅತ್ತೆ ನನ್ನ ಕಿವಿಯನ್ನು ಹತ್ತಿರ ಎಳೆದುಕೊಂಡು ಕೇಳಿದಳು. “ಊರೋರ್ ಮುಂದೆಲ್ಲ ಹಾಡಿದ್ ಪದಕ್ಕೆ ಬೀಗ ಯಾಕೇ?”

ಆಫೀಸಿನಲ್ಲಿ ಒಳ್ಳೆಯ ಸಂಪರ್ಕವಿದೆ, ಆದರೆ ಅಲ್ಲಿ ಸ್ವಂತದ ಫೈಲು ಇಳಿಸಿಕೊಳ್ಳುವಂತಿಲ್ಲ. ಆ ನಿಯಮ ಬರೆದವಳೇ ನಾನು. ದೇವನಹಳ್ಳಿಯ ನಮ್ಮ ಮನೆಯಲ್ಲಿ ಮೊಬೈಲಿನ ಇಂಟರ್ನೆಟ್ಟು, ಅಷ್ಟು ದೊಡ್ಡ ಫೈಲಿಗೆ ಸಾಲದು. ಮುನಿರಾಜು ಮಾತ್ರ ಕ್ರಿಕೆಟ್ ನೋಡಲೆಂದು ತವರಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ್ದ. ಹಾಗಾಗಿ ಅಲ್ಲೇ ಶುರುಮಾಡಿದೆ. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ಮುಂದೆ ಹೊರಟಿತು. ಸ್ವಲ್ಪ ದೂರ ಹೋಗಿ ನಿಂತಿತು. ‘ಸಂಪರ್ಕ ಕಡಿದಿದೆ.’ ಮತ್ತೆ ಒತ್ತಿದೆ. ಪಟ್ಟಿ ಮೊದಲಿನಿಂದ ಹೊರಟಿತು, ಈ ಸಲ ಇನ್ನೂ ಹೆಚ್ಚು ದೂರ ಹೋಗಿ ಕಡಿಯಿತು. ಮೂರನೆಯ ಸಲ ಹೊರಟ ಕೂಡಲೇ ಕಡಿಯಿತು.

“ಅಕ್ಕ, ಇದಕ್ಕೆಲ್ಲ ನಿಮ್ಮ ಏರೋಪ್ಲೇನೇ ಕಾರಣ ಕಣಕ್ಕ,” ಅಂದ ಮುನಿರಾಜು.

ನಾನು ಅಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಆಕಾಶದಲ್ಲಿ ಹಾರುವ ಎಲ್ಲ ವಿಮಾನವೂ ನನ್ನದೇ. ಮೊದಮೊದಲು ನಮ್ಮೂರಿನವರು ಸದ್ದು ಕೇಳಿದರೆ ಸಾಕು ತಾರಸಿಗೆ ಓಡುತ್ತಿದ್ದರು, ರೆಕ್ಕೆಯ ಮೇಲೆ ಬರೆದದ್ದನ್ನು ಓದಲು ಪಂದ್ಯ ಕಟ್ಟುತ್ತಿದ್ದರು. ಈಗ ಯಾರೂ ತಲೆಯೆತ್ತುವುದಿಲ್ಲ. ಆದರೆ ಹಸು ಹಾಲು ಕಡಿಮೆ ಕೊಟ್ಟರೂ, ಟೊಮೆಟೊ ಹೂವು ಉದುರಿಸಿದರೂ ದೂರು ನನಗೇ ಬರುತ್ತದೆ. ಇರಲಿ, ಯಾವ ಅನುಮಾನವನ್ನೂ ಪರೀಕ್ಷೆ ಮಾಡದೆ ಬಿಡಬಾರದು ಎಂಬುದು ನನ್ನ ವೃತ್ತಿಧರ್ಮ. ಲ್ಯಾಪ್‌ಟಾಪನ್ನೂ ಅದರ ಉದ್ದದ ಕೇಬಲ್ಲನ್ನೂ ಎಳೆದುಕೊಂಡು ಹೋಗಿ ತಾರಸಿಯ ಮೇಲೆ ಕೂತೆ. ವಿಮಾನಗಳು ಒಂದರ ಹಿಂದೊಂದು ತಲೆಯ ಮೇಲೆ ಇಳಿದುಕೊಂಡು ಹೋದವು. ಹಸಿರು ಪಟ್ಟಿ ಎಲ್ಲೂ ನಿಲ್ಲಲಿಲ್ಲ. ಆಕಾಶ ಪೂರ್ತಿ ಖಾಲಿಯಾಗಿ ಹದ್ದೊಂದು ಮಾತ್ರ ಸುತ್ತುತ್ತಿದ್ದಾಗ ಕಡಿಯಿತು.

“ನೋಡಿದ್ಯೇನೋ?”

“ಹೋದ್ಮೇಲೆ ಎಫೆಕ್ಟ್ ಆಗುತ್ತೆ ಅಕ್ಕ.”

ಆಮೇಲೆ ನಾನು ಕೇಬಲ್ಲಿನ ಮೇಲೆ ಬಿದ್ದೆ. ಅದರ ಬಣ್ಣ ಮಾಸಿತ್ತು, ಬಾಗಿಲ ಸಂದಿಯಲ್ಲಿ ಒಂದು ಕಡೆ ಚಪ್ಪಟೆಯಾಗಿತ್ತು, ಅಪರಾಧಿಯ ಮುಖವೇ. ಹೊಸಕೋಟೆಯಿಂದ ಹೊಸ ಕೇಬಲ್ ತರಿಸಿ ಹಾಕಿದೆ. ಹೊಸದರಲ್ಲೂ ಅಷ್ಟೇ ಚೆನ್ನಾಗಿ ಕಡಿಯಿತು. ಅಷ್ಟರಲ್ಲಿ ಅತ್ತೆ ಹಳೆಯದನ್ನು ತಾರಸಿಗೆ ಒಯ್ದು ಬಿಗಿದು, ಸೀರೆ ಹರವಿಯೂ ಆಗಿತ್ತು.

ಆಗ ನಾನು ಸುಮ್ಮನೆ ಕೂತು ಯೋಚಿಸಿದೆ. ಅದನ್ನು ಮೊದಲೇ ಮಾಡಬೇಕಿತ್ತು, ಆದರೆ ಮನೆತುಂಬ ಜನ ನೋಡುತ್ತಿರುವಾಗ ಯೋಚಿಸುವುದಕ್ಕಿಂತ ಏನನ್ನಾದರೂ ಕೀಳುವುದು ಹೆಚ್ಚು ಗೌರವದ ಕೆಲಸವಾಗಿ ಕಾಣುತ್ತದೆ. ಪ್ರತಿ ಸಲವೂ ಫೈಲಿನ ಒಂದೇ ಜಾಗದಲ್ಲಿ ಕಡಿದರೆ ಫೈಲನ್ನು ಅನುಮಾನಿಸಬೇಕು. ಪ್ರತಿ ಸಲವೂ ಶುರುವಾದ ಅಷ್ಟೇ ಹೊತ್ತಿಗೆ ಕಡಿದರೆ ಯಾರೋ ಗಡುವು ಹಾಕಿದ್ದಾರೆಂದು ಅರ್ಥ. ಎರಡೂ ಅಲ್ಲದೆ ಮನಸ್ಸಿಗೆ ಬಂದಾಗ ಕಡಿದರೆ ಮೊದಲು ಮನೆಯೊಳಗೇ ನೋಡಬೇಕು. ನಮ್ಮದು ಮನಸ್ಸಿಗೆ ಬಂದಾಗ ಕಡಿಯುವ ಜಾತಿ. ರೂಟರ್ ಇದ್ದದ್ದು ನಡುಮನೆಯ ಗೂಡಿನಲ್ಲಿ, ನಾನು ಕೂರುತ್ತಿದ್ದದ್ದು ಒಳಕೋಣೆಯಲ್ಲಿ. “ಅತ್ತೆ, ಈ ಡಬ್ಬಿಯ ದೀಪ ನೋಡ್ತಾ ಇರು. ಆರಿದ್ರೆ ತಟ್ಟೆ ಬಡಿ,” ಅಂದೆ.

ಅತ್ತೆ ರೂಟರಿನ ಮುಂದೆ ಚಾಪೆ ಹಾಸಿಕೊಂಡು, ಮಡಿಲಲ್ಲಿ ಅವರೆಕಾಯಿ, ಪಕ್ಕದಲ್ಲಿ ತಟ್ಟೆ ಸೌಟು ಇಟ್ಟುಕೊಂಡು ಕೂತಳು. ಹಸಿರು ಪಟ್ಟಿ ಹೊರಟಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಠಣ್ ಠಣ್ ಠಣ್! ಓಡಿಬಂದೆ. ರೂಟರಿನ ದೀಪಗಳೆಲ್ಲ ಆರಿ ಒಂದೊಂದಾಗಿ ಮತ್ತೆ ಹತ್ತಿಕೊಳ್ಳುತ್ತಿದ್ದವು. ಅದೇ ಹೊತ್ತಿಗೆ ಮೇಲೆ ಟ್ಯಾಂಕಿಗೆ ನೀರು ಬೀಳುವ ಸದ್ದು ಶುರುವಾಗಿತ್ತು.

“ಮೋಟರು!” ಎಂದು ಕೂಗಿದೆ.

ತೋಟಕ್ಕೆ ಮೂರು ಫೇಸಿನ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಬಂದ ಕೂಡಲೇ ನಮ್ಮ ಕೊಳವೆಬಾವಿಯ ಮೋಟರು ತಾನೇ ಶುರುವಾಗುತ್ತದೆ. ಸುತ್ತಲಿನ ಮೋಟರುಗಳೂ ಒಟ್ಟಿಗೆ ಏಳುತ್ತವೆ. ಆ ಕ್ಷಣದಲ್ಲಿ ಮನೆಯ ಕರೆಂಟು ಒಮ್ಮೆ ಕುಗ್ಗುತ್ತದೆ. ಬ್ಯಾಟರಿಯಿರುವ ಲ್ಯಾಪ್‌ಟಾಪಿಗೆ ಅದು ತಿಳಿಯುವುದಿಲ್ಲ, ಫ್ಯಾನಿಗೂ ತಿಳಿಯುವುದಿಲ್ಲ, ರೂಟರ್ ಮಾತ್ರ ಮೂರ್ಛೆ ಹೋಗಿ ಏಳುತ್ತದೆ. ಖಚಿತ ಮಾಡಿಕೊಳ್ಳಲು ತೋಟದಲ್ಲಿದ್ದ ಮುನಿರಾಜುವಿಗೆ ಫೋನು ಮಾಡಿ ಮೋಟರ್ ಆರಿಸಿ ಹಾಕಲು ಹೇಳಿದೆ. ಠಣ್! ಇನ್ನೊಮ್ಮೆ ಹಾಕಿಸಿದೆ. ಠಣ್! “ಮೋಟರ್ ಸುಟ್ಟೋದ್ರೆ ನಾನಂತೂ ಸುಮ್ನಿರಲ್ಲ ಅಕ್ಕ,” ಎಂದು ಅವನು ಫೋನಿಟ್ಟ. ಹಳೆಯ ಕಂಪ್ಯೂಟರಿನ ಯುಪಿಎಸ್ ಒಂದು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ಒರೆಸಿ ಅದಕ್ಕೆ ರೂಟರನ್ನು ಸಿಕ್ಕಿಸಿದೆ. ಈಗ ಮೋಟರು ಹಾಕಿದರೂ ದೀಪ ಅಲುಗಲಿಲ್ಲ.

“ಹೋಳಿಗೆಗೆ ಬೇಳೆ ಹಾಕಿ,” ಎಂದು ಅಪ್ಪಣೆ ಕೊಟ್ಟು ಮತ್ತೆ ಶುರುಮಾಡಿದೆ. ಪಟ್ಟಿ ಹಿಂದೆಂದೂ ಹೋಗದಷ್ಟು ದೂರ ಹೋಯಿತು. ಅಲ್ಲಿ ಕಡಿಯಿತು. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತು, ತಟ್ಟೆ ತೋರಿಸಿ, ನಾನು ಬಡಿಯಲಿಲ್ಲ ಎಂದು ತಲೆಯಾಡಿಸುತ್ತಿದ್ದಳು.

ಆದರೆ ಈ ಸಲ ನಾನು ಧೃತಿಗೆಡಲಿಲ್ಲ. ಮತ್ತೆ ಹಚ್ಚಿ ಗಡಿಯಾರ ನೋಡಿದೆ. ಹಿಂದಿನ ಸಲದಷ್ಟೇ ಹೊತ್ತಿಗೆ ಕಡಿಯಿತು. ಇನ್ನೊಮ್ಮೆ ಹಚ್ಚಿದೆ. ಅಷ್ಟೇ ಹೊತ್ತು. ಮನೆಯೊಳಗಿನ ಗದ್ದಲ ನಿಂತದ್ದರಿಂದ ಹೊರಗಿನ ಕಳ್ಳನ ಹೆಜ್ಜೆ ಕೇಳಿಸುತ್ತಿತ್ತು. ಪ್ರಭಾಕರರಿಗೆ ಫೋನು ಮಾಡಿದೆ.

“ನಮ್ ಕಡೆ ಎಲ್ಲಾ ಕರೆಕ್ಟಾಗಿದೆ ಮೇಡಂ.”

“ನಾನೂ ದಿನಾ ಎಲ್ಲರಿಗೂ ಅದನ್ನೇ ಹೇಳೋದು ಸಾರ್. ಒಂದೇ ಒಂದು ಸಲ ಸೆಟ್ಟಿಂಗ್ ತೆಗೆದು ನೋಡಿ. ಕನೆಕ್ಷನ್ ಎಷ್ಟು ಹೊತ್ತು ಇರಬಹುದು ಅಂತ ಗಡುವು ಇದೆಯಾ?”

ಕೀಲಿಮಣೆಯ ಸದ್ದು. ಆಮೇಲೆ ಸ್ವಲ್ಪ ಸಣ್ಣಗಾದ ದನಿ. “ಇದೆ ಮೇಡಂ. ನಾನು ಸೇರೋಕೆ ಮುಂಚೆ ಯಾರೋ ಹಾಕಿದಾರೆ.”

“ತೆಗೆದ್ಬಿಡಿ.”

“ಅದಕ್ಕೆ ಮೇಲಿನವ್ರು ಒಪ್ಪಬೇಕು. ಅವ್ರು ರಜ. ಸೋಮವಾರ ಬರ್ತಾರೆ.”

ಸರ್ವರ್ ಮುಚ್ಚುವುದು ಶನಿವಾರ. ಅವತ್ತು ಶುಕ್ರವಾರ.

ಬಾಗಿಲು ಹಾಕುವವರ ಮನಸ್ಸನ್ನು ಬದಲಿಸಲಾಗದಿದ್ದರೆ, ಬಾಗಿಲು ತೆರೆದಾಗಲೆಲ್ಲ ಒಂದಷ್ಟು ಹೊತ್ತುಕೊಂಡು ಬರಬೇಕು. ಅವಸರದಲ್ಲಿ ನಾನು ಬಳಸುತ್ತಿದ್ದ ಪ್ರೋಗ್ರಾಂ ಕಡಿದಾಗಲೆಲ್ಲ ಬಂದಿದ್ದನ್ನು ಅಳಿಸಿ ಮೊದಲಿನಿಂದ ಶುರುಮಾಡುತ್ತಿತ್ತು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದಿನದನ್ನು ಕೇಳಿ ತರುವ ಪ್ರೋಗ್ರಾಮುಗಳಿವೆ. ಆಫೀಸಿನಲ್ಲಿ ಊರಿಗೆಲ್ಲ ಅದನ್ನು ಹಾಕಿಕೊಟ್ಟವಳು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿರಲಿಲ್ಲ. ಹಾಕಿದೆ. ಕಡಿದರೆ ತಾನೇ ಮತ್ತೆ ಬಾಗಿಲು ತಟ್ಟಿ, ನಿಂತಲ್ಲಿಂದ ಮುಂದುವರಿಯುವಂತೆ ಹೊಂದಿಸಿದೆ. ಕಡಿಯಿತು. ಕಟ್ಟಿಕೊಂಡಿತು. ಹಸಿರು ಪಟ್ಟಿ ಹಿಂದಕ್ಕೆ ಹೋಗಲಿಲ್ಲ. ಮತ್ತೆ ಕಡಿಯಿತು, ಮತ್ತೆ ಕಟ್ಟಿಕೊಂಡಿತು. ಇನ್ನು ಅದು ಎಷ್ಟು ಸಲ ಬೇಕಾದರೂ ಕಡಿಯಲಿ ಎಂದು ಎದ್ದು ಹೋಗಿ ಹೋಳಿಗೆ ತಟ್ಟಿದೆ.

ಶನಿವಾರ ಮಧ್ಯಾಹ್ನ ಮುಗಿಯಿತು. ಪ್ರಭಾಕರರನ್ನು ಮತ್ತೆ ಫೋನಿಗೆ ಕರೆದೆ. ಬಂದದ್ದು ಪೂರ್ತಿ ಸರಿಯಿದೆಯೇ ಎಂದು ತಾಳೆ ನೋಡಲು, ಇಡೀ ಫೈಲನ್ನು ಅರೆದು ತೆಗೆದಂಥ ಅಕ್ಷರಗಳ ಒಂದು ಉದ್ದದ ಗುರುತು ಇರುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಅದು ಬದಲಾಗುತ್ತದೆ. ಅವರು ಅಲ್ಲಿಂದ ಒಂದೊಂದೇ ಅಕ್ಷರ ಓದಿದರು, ನಾನು ಇಲ್ಲಿ ಹೌದು ಹೌದು ಎನ್ನುತ್ತ ಹೋದೆ. ಕೊನೆಯ ಅಕ್ಷರವೂ ಸರಿಹೋಯಿತು.

“ಅಂಥಾದ್ದು ಏನಿದೆ ಮೇಡಂ ಅದ್ರಲ್ಲಿ?” ಎಂದು ಕೇಳಿದರು.

“ನಮ್ಮತ್ತೆ,” ಅಂದೆ.

ಸಂಜೆ ಎಲ್ಲರೂ ಟಿವಿಯ ಮುಂದೆ ಕೂತೆವು. ಅಂಗಳದಲ್ಲಿ ಚಾಪೆಯ ಮೇಲೆ ಕೂತ ಅತ್ತೆ, ಕಪ್ಪು ಕೂದಲಿನವಳು, ಕ್ಯಾಮೆರಾದ ಕಡೆ ಒಮ್ಮೆ ಅನುಮಾನದಿಂದ ನೋಡಿ ಪದ ಎತ್ತಿದಳು. ಆ ದನಿ ನಡುಮನೆಯನ್ನು ತುಂಬಿದಾಗ ನಮ್ಮ ಜೊತೆ ಕೂತಿದ್ದ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾವು ಅಳುತ್ತಿದ್ದಾಳೆಂದುಕೊಂಡೆವು. ಸೆರಗು ತೆಗೆದಾಗ ನೋಡಿದರೆ ನಗುತ್ತಿದ್ದಳು. ನಡುವೆ ವಿಮಾನವೊಂದು ಮೊರೆಯುತ್ತ ಹೋಯಿತು. ಚಿತ್ರದೊಳಗಿನ ಅತ್ತೆ ಹಾಡು ನಿಲ್ಲಿಸಿ ಅದನ್ನು ದುರುಗುಟ್ಟಿ ನೋಡಿ, ಅದು ದಾಟಿದ ಮೇಲೆ ಅದೇ ಸಾಲಿನಿಂದ ಮುಂದುವರಿಸಿದಳು. ಮುನಿರಾಜು ನನ್ನ ಕಡೆ ನೋಡಿದ. ನಾನು ನೋಡಲಿಲ್ಲ.

ಕೊನೆಗೆ ಹೆಣ್ಣು ಒಪ್ಪಿಸುವ ಪದ ಬಂತು. ಮದುಮಗಳು ತಂದೆಗೊಂದು ನುಡಿ, ತಾಯಿಗೊಂದು ನುಡಿ, ಅಣ್ಣತಮ್ಮಂದಿರಿಗೊಂದು ನುಡಿ ಹೇಳಿ ಹೊರಡುವ ಹಾಡು. ಅತ್ತೆ ಥಟ್ಟನೆ ಕೈಯೆತ್ತಿದಳು. ನಿಲ್ಲಿಸಿದೆ. ಕಿವಿ ಹತ್ತಿರ ಒಯ್ದೆ.

“ಇಲ್ಲೊಂದು ನುಡಿ ಇಲ್ಲ.”

“ಸಾಧ್ಯವೇ ಇಲ್ಲ ಅತ್ತೆ,” ಅಂದೆ. “ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೀನಿ. ಒಂದು ಚುಕ್ಕೇನೂ ಕಳ್ದಿಲ್ಲ.”

“ನಿನ್ ಫೈಲಿನ್ ಮಾತಲ್ಲ ಕಣೇ. ನಾನೇ ಹಾಡ್ಲಿಲ್ಲ.”

“ಯಾವ ನುಡಿ?”

“ಸೋದರತ್ತೇದು.”

ಅತ್ತೆ ಉಸಿರು ತೆಗೆದುಕೊಂಡು ಮತ್ತೆ ಪಿಸುಗುಟ್ಟಿದಳು. “ಆ ಹುಡುಗ್ರು ಬಂದಿದ್ದು ನಿನ್ನ ಮದ್ವೆ ಆದ ಹೊಸ್ದ್ರಲ್ಲಿ. ನಿನ್ನ ದೇವನಳ್ಳೀಲಿ ಬಿಟ್ಟು ಆಗಿನ್ನೂ ಬಂದಿದ್ದೆ. ಆ ನುಡಿ ಹತ್ರ ಬಂದಾಗ ಗಂಟ್ಲು ಕಟ್ಕೊಂತು. ಗೊತ್ತಿಲ್ಲದವ್ರ ಮುಂದೆ ಅಳೋದಾ? ದಾಟ್ಕೊಂಡೋದೆ.”

ಹಿಂದಕ್ಕೆ ಓಡಿಸಿ ನೋಡಿದೆ. ಅಲ್ಲಿ ಅತ್ತೆ ಬಾಯಿ ತೆರೆಯುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ, ಬಾಯಿ ಮುಚ್ಚುತ್ತಾಳೆ. ಆಮೇಲೆ ಮುಂದಿನ ನುಡಿ. ಗೊತ್ತಿಲ್ಲದವರಿಗೆ ಅವಳು ಉಸಿರು ತೆಗೆದುಕೊಂಡಳೆಂದಷ್ಟೇ ಕಾಣುತ್ತದೆ.

ಮುಂದಿನ ವಾರವೆಲ್ಲ ನಮ್ಮ ಬೀದಿಯ ಹೆಂಗಸರು ಟಿವಿಯ ಮುಂದೆ ಕೂತು ಪದ ಕಲಿತರು. ಇಲ್ಲದ ಆ ನುಡಿಯನ್ನು ಶೋಭಾ ಕಲಿಯಲು ಹೊರಟಾಗ ಅತ್ತೆ ಬಿಡಲಿಲ್ಲ. ಮಾತು ಮದುಮಗಳದೇ ಆದರೂ ಹೋಗುವವಳು ಹೇಳಬಾರದು, ಉಳಿಯುವವರು ಅವಳ ಪರವಾಗಿ ಹೇಳಬೇಕಂತೆ. ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡಳು. ಅತ್ತೆ ಕಿವಿಯಲ್ಲಿ ಹೇಳಿದ್ದನ್ನು ನಾನು ಜೋರಾಗಿ ಹೇಳಬೇಕು, ತಪ್ಪಿದರೆ ತೊಡೆಗೊಂದು ಏಟು. ಇಷ್ಟು ದಿನ ನನ್ನ ಜಡೆ ಹೆಣೆದ ಕೈಗೆ ನಾಳೆ ಬೆಳಿಗ್ಗೆ ಏನು ಕೆಲಸ, ಎಂದು ಮದುಮಗಳು ಸೋದರತ್ತೆಯನ್ನು ಕೇಳುತ್ತಾಳೆ. ಆ ನುಡಿಯಲ್ಲಿ ಇರುವುದು ಅಷ್ಟೇ.

ಮದುವೆಯ ದಿನ ಹೆಣ್ಣು ಒಪ್ಪಿಸುವ ಹೊತ್ತಿಗೆ ಆರ್ಕೆಸ್ಟ್ರಾದವರನ್ನು ಮುನಿರಾಜುವೇ ಹೋಗಿ ನಿಲ್ಲಿಸಿ ಬಂದ. ಹೆಂಗಸರು ಹಾಡಿದರು. ಅಪ್ಪನ ನುಡಿ, ಅಮ್ಮನ ನುಡಿ, ಅಣ್ಣನ ನುಡಿ ಮುಗಿದು ಎಲ್ಲರೂ ಸುಮ್ಮನಾಗಿ ನನ್ನನ್ನು ನೋಡಿದರು. ನಾನು ಎತ್ತಿದೆ. ಎರಡನೆಯ ಸಾಲಿನಲ್ಲೇ ರಾಗ ಜಾರಿತು. ಪಕ್ಕದಲ್ಲಿ ಕೂತ ಅತ್ತೆ ನನ್ನ ಬೆನ್ನಿಗೆ ಅಂಗೈ ಇಟ್ಟು, ಎಲ್ಲಿ ಏರಬೇಕೋ ಅಲ್ಲಿ ಮೆಲ್ಲಗೆ ಒತ್ತಿದಳು. ಏರಿದೆ. ಶೋಭಾ ತಗ್ಗಿಸಿದ ತಲೆಯೆತ್ತಿ ಅತ್ತೆಯನ್ನು ನೋಡಿದಳು. ನಾನೂ ಹಾಡುತ್ತಲೇ ತಿರುಗಿ ನೋಡಿದೆ. ಅತ್ತೆಯ ತುಟಿಗಳು ನನಗಿಂತ ಒಂದು ಮಾತು ಮುಂದೆ ಹೋಗುತ್ತಿದ್ದವು.